ಎಲ್ಲಾ ಮುಗಿದ ಮೇಲೆ ದುರ್ಯೋಧನ

‘ವಾಕಿಂಗ್ ಡೆಡ್’ ಸೀರಿಯಲ್ಲಿನ ನೀಗನ್ ಖಳನಾದ್ರೂ ಯಾಕೆ ಇಷ್ಟವಾಗ್ತಾನೆ? ಬಹರೇನಿನ ನಮ್ಮ ಓದುಕೂಟದಲ್ಲಿ ಈ ಮಾತು ಬಂದಾಗ ನಾವು ರನ್ನನ ‘ಗದಾಯುದ್ಧ’ ತೆಗೆದೆವು. ಲೋಕ ಹಾಳಾದ ಮೇಲೆ ಬದುಕುಳಿದ ಖಳನ ಕಥೆ ಅಲ್ಲೂ ಇದೆ.

ನೀಗನ್ ಬರುವುದು ಪಡೆ ಕಟ್ಟಿಕೊಂಡು, ಮುಳ್ಳುತಂತಿ ಸುತ್ತಿದ ಬ್ಯಾಟ್ ಹಿಡಿದು. ದುರ್ಯೋಧನನ ಹತ್ರ ಏನೂ ಉಳಿದಿಲ್ಲ. 11 ಅಕ್ಷೋಹಿಣಿ ಸೇನೆ ನಾಶವಾಗಿದೆ. ಸಂಜಯನೊಬ್ಬನ ಜೊತೆ ಹೆಣಗಳ ನಡುವೆ ನಡೀತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನು ಮೆಚ್ಚಿ, ತನಗೂ ಅಂಥ ಸಾವು ಬರಲಿ ಅಂತಾನೆ. ಹೆದರಿಸಲು ಎದುರಿಗೆ ಯಾರೂ ಇಲ್ಲದಾಗ ಹುಟ್ಟುವ ಈ ಸೆಳೆತವೇ ದೊಡ್ಡದು ಅನ್ನೋದು ನಮ್ಮ ಅಭಿಪ್ರಾಯ. ಭೀಷ್ಮರು ಸಂಧಿ ಮಾಡ್ಕೋ ಅಂದ್ರೂ ಒಪ್ಪಲ್ಲ. ಛಲ ಅಂದ್ರೆ ಇದಪ್ಪಾ!

ವಿಚಿತ್ರ ಏನಂದ್ರೆ, ರನ್ನನ ನಾಯಕ ಭೀಮ. ತನ್ನ ಒಡೆಯ, ಚಾಲುಕ್ಯ ಸತ್ಯಾಶ್ರಯನನ್ನೇ ಕವಿ ಭೀಮನಿಗೆ ಹೋಲಿಸಿದ್ದಾನೆ. ಕಾವ್ಯದ ಆರಂಭದಲ್ಲೇ ದ್ರೌಪದಿ ತನ್ನ ಬಿಚ್ಚಿದ ಮುಡಿಯ ಲೆಕ್ಕ ಕೇಳುತ್ತಾಳೆ. ಕರ್ಣನ ಹೆಣದ ಮುಂದೆ ದುರ್ಯೋಧನನ ಜೊತೆ ನಾವೂ ಅತ್ತಿದ್ದರೆ, ಆ ಪುಟಗಳನ್ನು ಮತ್ತೆ ತೆರೆದು ಓದಬೇಕು. ಕೊನೆಗೆ ಭೀಮ ಮುಡಿ ಕಟ್ಟುತ್ತಾನೆ. ನಮ್ಮಲ್ಲಿ ಅರ್ಧ ಜನರ ಕಣ್ಣು ಮಾತ್ರ ತೊಡೆ ಮುರಿದು ಬಿದ್ದವನ ಕಡೆಗೇ ಇತ್ತು.