ತೆರೆಯ ಹಿಂದಿನ ಇಬ್ಬರು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳನ್ನು ಆಡುವ ವಾಡಿಕೆ ಹಿಂದಿನಿಂದಲೂ ಉಂಟು. ನಾಟಕವಾಡಬೇಕೆಂದು ಊರಿನವರು ನಿಶ್ಚಯಿಸಿದೊಡನೆ ಇಬ್ಬರು ಬೇಕಾಗುತ್ತಾರೆ. ಹಾರ್ಮೋನಿಯಂ ಮುಂದೆ ಕುಳಿತು ಪಾತ್ರಧಾರಿಗಳಿಗೆ ಹಾಡು, ಮಾತುಗಳನ್ನು ಹೇಳಿಕೊಟ್ಟು, ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ದನಿಯೇರಿಸಬೇಕು ಎಂದು ತಿದ್ದುವ ನಾಟಕದ ಮೇಷ್ಟ್ರು ಒಬ್ಬರು. ಮನೆಮನೆಗೂ ಹೋಗಿ ಚಂದಾ ಎತ್ತಿ, ಸೀನರಿಯವರಿಗೆ ಮುಂಗಡ ಕೊಟ್ಟು, ಮೇಷ್ಟ್ರ ಊಟ ವಸತಿಗಳನ್ನು ನೋಡಿಕೊಂಡು, ಕೊನೆಗೆ ಸಾಲದೆ ಬಂದುದನ್ನು ಕೈಯಿಂದ ಹಾಕುವ ಯಜಮಾನ ಮತ್ತೊಬ್ಬ. ಬೆಳಗಿನ ಜಾವ ನಾಟಕ ಮುಗಿದಾಗ ಜನರು ಭೀಮನ ಪಾತ್ರಧಾರಿಯನ್ನೂ ಮೇಷ್ಟ್ರನ್ನೂ ಹೊಗಳುತ್ತ ಮನೆಗೆ ಹೋಗುತ್ತಾರೆ. ಯಜಮಾನ ಮಾತ್ರ ದೀಪದವನ ಲೆಕ್ಕ ತೀರಿಸುತ್ತ ಅಲ್ಲಿಯೇ ಉಳಿದಿರುತ್ತಾನೆ.

ಚಲನಚಿತ್ರದಲ್ಲಿ ಈ ಮೇಷ್ಟ್ರ ಸ್ಥಾನ ನಿರ್ದೇಶಕರದು. ಯಜಮಾನನ ಸ್ಥಾನ ನಿರ್ಮಾಪಕರದು. ತೆರೆಯ ಮೇಲೆ ಇಬ್ಬರ ಹೆಸರುಗಳೂ ಸಾಮಾನ್ಯವಾಗಿ ಒಂದರ ಹಿಂದೊಂದು ಬರುವುದರಿಂದ ಪ್ರೇಕ್ಷಕರಲ್ಲಿ ಹಲವರು ಇಬ್ಬರ ಕೆಲಸವೂ ಒಂದೇ ಎಂದು ಭಾವಿಸುವುದುಂಟು. ಆದರೆ ಈ ಎರಡು ಕೆಲಸಗಳು ಬೇಡುವ ಮನೋಧರ್ಮವೇ ಬೇರೆ ಬೇರೆ.

ಬೇರೆ ಕಲೆಗಳಲ್ಲಿ ಈ ತೊಡಕು ಇಷ್ಟಿಲ್ಲ. ಯಳಂದೂರಿನ ಸಂಚಿಯ ಹೊನ್ನಮ್ಮ 17ನೆಯ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯ ಆಶ್ರಯದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ರಚಿಸಿದಳು. ಅರಮನೆ ಆಕೆಗೆ ಆಸರೆಯಾಯಿತು, ನಿಜ. ಆದರೆ ಒಂದು ಪದ್ಯವನ್ನು ಹೊಡೆದುಹಾಕಿ ಮತ್ತೆ ಬರೆಯಲು ಆಕೆಗೆ ಓಲೆ, ಕಂಠ ಮತ್ತು ಒಂದಿಷ್ಟು ಬಿಡುವು ಇದ್ದರೆ ಸಾಕಾಗಿತ್ತು. ಚಲನಚಿತ್ರದ ಒಂದು ದೃಶ್ಯವನ್ನು ಮತ್ತೆ ತೆಗೆಯಬೇಕಾದರೆ ನಟರು, ಛಾಯಾಗ್ರಾಹಕರು, ದೀಪ ಹಿಡಿಯುವವರು, ಅಡುಗೆಯವರು ಎಲ್ಲರೂ ಮತ್ತೆ ಕೂಡಬೇಕು. ಆ ದಿನದ ವೆಚ್ಚವನ್ನು ಯಾರಾದರೂ ಹೊರಬೇಕು. ಹಾಗೆ ಹೊರುವವರೇ ನಿರ್ಮಾಪಕರು.

ಅವರ ಕೆಲಸ ಛಾಯಾಗ್ರಹಣಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ. ಕಥೆಯನ್ನು ಆರಿಸಿ ಲೇಖಕರಿಂದ ಅದರ ಹಕ್ಕನ್ನು ಪಡೆಯಬೇಕು. ಬಂಡವಾಳವನ್ನು ಕೂಡಿಸಬೇಕು; ಸ್ವಂತ ಹಣ ಸಾಲದಿದ್ದರೆ ಬಡ್ಡಿಗೆ ತರಬೇಕು, ಇಲ್ಲವೆ ಹಂಚಿಕೆದಾರರಿಂದ ಮುಂಗಡ ಪಡೆಯಬೇಕು. ಕಲಾವಿದರೊಡನೆ ಕರಾರು ಮಾಡಿಕೊಳ್ಳಬೇಕು. ಚಿತ್ರ ಸಿದ್ಧವಾದ ಮೇಲೆ ಪ್ರಮಾಣಪತ್ರ ಪಡೆದು ಚಿತ್ರಮಂದಿರಗಳಿಗೆ ತಲುಪಿಸಬೇಕು. ಚಿತ್ರ ಸೋತರೆ ನಟರು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಸಾಲ ಮಾತ್ರ ನಿರ್ಮಾಪಕರ ಮನೆಯ ಬಾಗಿಲಿಗೇ ಬರುತ್ತದೆ.

ನಿರ್ದೇಶಕರ ಹೊಣೆ ಬೇರೆ ಬಗೆಯದು. ಕಾಗದದ ಮೇಲಿನ ಕಥೆಯನ್ನು ಅವರು ಕಣ್ಣಿಗೆ ಕಾಣುವ ದೃಶ್ಯಗಳನ್ನಾಗಿ ಒಡೆಯುತ್ತಾರೆ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದು ವಿರಳ. ತಾಯಿಯ ಮರಣದ ದೃಶ್ಯವನ್ನು ಮೊದಲ ದಿನವೂ, ಅದೇ ತಾಯಿಯ ಮದುವೆಯ ದೃಶ್ಯವನ್ನು ತಿಂಗಳ ಬಳಿಕವೂ ತೆಗೆಯಬೇಕಾಗಿ ಬರಬಹುದು. ನಟಿಗೆ ಆ ದಿನದ ಪಾಠ ಗೊತ್ತು. ಛಾಯಾಗ್ರಾಹಕರಿಗೆ ಆ ದಿನದ ಬೆಳಕು ಗೊತ್ತು. ಇಡೀ ಚಿತ್ರ ಮೊದಲಿನಿಂದ ಕೊನೆಯವರೆಗೆ ನಿರ್ದೇಶಕರ ಮನಸ್ಸಿನಲ್ಲಿ ಇರಬೇಕು. ಸಂಕಲನದ ಕೋಣೆಯಲ್ಲಿ ಚೂರುಗಳು ಒಂದುಗೂಡುವವರೆಗೆ ಅದು ಬೇರೆಲ್ಲಿಯೂ ಇರುವುದಿಲ್ಲ.

ಕೊಳ್ಳೇಗಾಲದ ಸಮೀಪದ ಭರಚುಕ್ಕಿ ಜಲಪಾತದ ಬಳಿ ಚಿತ್ರತಂಡವೊಂದು ಬೀಡುಬಿಟ್ಟಿದೆ ಎಂದು ಊಹಿಸಿಕೊಳ್ಳಬಹುದು. ಕಾವೇರಿ ತುಂಬಿ ಹರಿಯುತ್ತಿದ್ದಾಳೆ. ಆದರೆ ಮೋಡ ಕವಿದು ಬೆಳಕಿಲ್ಲ. ನಾಯಕ ತನ್ನ ತಂಗಿಯನ್ನು ಬೀಳ್ಕೊಡುವ ದೃಶ್ಯಕ್ಕೆ ಸಂಜೆಯ ಹೊಂಬಿಸಿಲೇ ಬೇಕೆಂದು ನಿರ್ದೇಶಕರ ಹಟ. ಇನ್ನೊಂದು ದಿನ ನಿಂತರೆ ಐವತ್ತು ಜನರ ಸಂಬಳ, ವಾಹನಗಳ ಬಾಡಿಗೆ ಬೆಳೆಯುತ್ತದೆಂದು ನಿರ್ಮಾಪಕರ ಚಿಂತೆ. ಇವರಲ್ಲಿ ಯಾರದು ಸರಿ? ಬೆಳಕಿಗಾಗಿ ಕಾಯದೆ ತೆಗೆದ ದೃಶ್ಯ ಪ್ರೇಕ್ಷಕರ ಮನಸ್ಸಿಗೆ ತಟ್ಟದೆ ಹೋಗಬಹುದು. ದಿನವೂ ಬೆಳಕಿಗಾಗಿ ಕಾದರೆ ಚಿತ್ರವೇ ಮುಗಿಯದೆ ಡಬ್ಬದಲ್ಲಿ ಉಳಿಯಬಹುದು. ಹಣ ಕೊಡುವವರನ್ನು ರಸಿಕತೆಯಿಲ್ಲದವರೆಂದು ಹಳಿಯುವುದು ಸುಲಭ. ಆದರೆ ಆ ಒಂದು ದಿನವನ್ನು ಕೊಡಬಲ್ಲವರೂ ಅವರೇ.

ಹೊಸಬರನ್ನು ಆರಿಸುವಾಗ ಈ ಇಬ್ಬರ ನಡುವಣ ನಂಬಿಕೆ ಇನ್ನಷ್ಟು ಕಠಿಣ ಪರೀಕ್ಷೆಗೆ ಒಳಗಾಗುತ್ತದೆ. ಕೊಳ್ಳೇಗಾಲದ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ನಟರಾಗಿದ್ದರು. ಆ ಕಾಲಕ್ಕೆ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು; ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನೂ ನಾಟಕದ ಕಂಪನಿಗಳಲ್ಲಿಯೇ ಬೆಳೆದವನು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರಕ್ಕೆ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರು ಈ ಯುವಕನನ್ನೇ ನಾಯಕನನ್ನಾಗಿ ಆರಿಸಿ, ರಾಜಕುಮಾರ್ ಎಂದು ಹೆಸರಿಟ್ಟರು. ಚಿತ್ರವನ್ನು ನಿರ್ಮಿಸಿದ್ದು ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆ. ಮುಖವನ್ನು ಗುರುತಿಸಿದ್ದು ನಿರ್ದೇಶಕರ ಕಣ್ಣು. ನಾಯಕನಾಗಿ ಜನರು ಕಾಣದಿದ್ದ ಆ ಮುಖದ ಮೇಲೆ ಹಣವನ್ನು ಪಣವಾಗಿ ಒಡ್ಡಿದ್ದು ನಿರ್ಮಾಪಕರ ಎದೆಗಾರಿಕೆ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕನ್ನಡ ಚಿತ್ರರಂಗದ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತು.

ಕೆಲವು ವರ್ಷಗಳಲ್ಲಿ ಕನ್ನಡ ಚಿತ್ರಗಳ ತಯಾರಿಕೆ ಕುಂದಿ ಕಲಾವಿದರಿಗೆ ಕೆಲಸ ಕಡಮೆಯಾಯಿತು. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಈ ನಾಲ್ವರೂ ಕೂಡಿ, ಕನ್ನಡ ಚಲನಚಿತ್ರ ಕಲಾವಿದರ ಸಂಘದ ಹೆಸರಿನಲ್ಲಿ ತಾವೇ ನಿರ್ಮಾಪಕರಾದರು. 1960ರ ‘ರಣಧೀರ ಕಂಠೀರವ’ ಹೀಗೆ ಬಂದ ಚಿತ್ರ. ಚಿತ್ರರಂಗದಲ್ಲಿ ಪಳಗಿದವರಾಗಿದ್ದರೂ ಅವರು ನಿರ್ದೇಶನದ ಹೊಣೆಯನ್ನು ಹಂಚಿಕೊಳ್ಳಲಿಲ್ಲ, ಅದನ್ನು ಎನ್. ಸಿ. ರಾಜನ್ ಅವರಿಗೆ ಒಪ್ಪಿಸಿದರು. ಹಣಕ್ಕೆ ನಾಲ್ಕು ಕೈಗಳು ಕೂಡಬಹುದು. ದೃಶ್ಯವೊಂದನ್ನು ಕಾಣಲು ನಾಲ್ಕು ಜನರ ಕಣ್ಣು ಕೂಡಿದರೆ ತಂಟೆಯೇ ಹೆಚ್ಚು.

ಎರಡೂ ಹೊಣೆಗಳನ್ನು ಒಬ್ಬರೇ ಹೊತ್ತ ನಿದರ್ಶನಗಳೂ ಇಲ್ಲದಿಲ್ಲ. ಬಿ. ಆರ್. ಪಂತುಲು ಅವರು ‘ಕಿತ್ತೂರು ಚೆನ್ನಮ್ಮ’ (1961) ಚಿತ್ರಕ್ಕೆ ನಿರ್ಮಾಪಕರೂ ಹೌದು, ನಿರ್ದೇಶಕರೂ ಹೌದು. ಹೀಗಿರುವಾಗ ಭರಚುಕ್ಕಿಯ ಬಳಿಯ ಜಗಳ ಹೊರಗೆ ಕೇಳುವುದಿಲ್ಲ. ಒಬ್ಬರ ಮನಸ್ಸಿನೊಳಗೇ ನಡೆಯುತ್ತದೆ.

1972ರ ‘ನಾಗರಹಾವು’ ಚಿತ್ರವನ್ನು ಜನರು ಪುಟ್ಟಣ್ಣ ಕಣಗಾಲರ ಚಿತ್ರವೆಂದೇ ಕರೆಯುತ್ತಾರೆ. ಅದನ್ನು ನಿರ್ಮಿಸಿದ ಎನ್. ವೀರಾಸ್ವಾಮಿಯವರ ಹೆಸರನ್ನು ನೆನೆಯುವವರು ಕಡಮೆ. ಆದರೆ ಕಾನೂನು ಜನರ ಮಾತನ್ನು ಅನುಸರಿಸುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆ ಇಂದು ಇರುವ ರೂಪದಲ್ಲಿ ಚಲನಚಿತ್ರದ ಕರ್ತೃವೆಂದು ಹೇಳುವುದು ನಿರ್ಮಾಪಕರನ್ನು. ಕಾದಂಬರಿಗೆ ಲೇಖಕ ಹೇಗೋ ಚಲನಚಿತ್ರಕ್ಕೆ ನಿರ್ಮಾಪಕ ಹಾಗೆ ಎಂಬುದು ಅದರ ತೀರ್ಮಾನ. ಚಿತ್ರದ ಒಂದೊಂದು ಚೌಕಟ್ಟನ್ನೂ ಕಟ್ಟಿದ ನಿರ್ದೇಶಕರಿಗೆ ಇದು ನ್ಯಾಯವೆನಿಸುವುದು ಕಷ್ಟವೇ.

ಸಿಂಗಾನಲ್ಲೂರಿನ ಆ ಮನೆತನಕ್ಕೆ ಸೊಸೆಯಾಗಿ ಬಂದ ಪಾರ್ವತಮ್ಮನವರು 1975ರಲ್ಲಿ ‘ತ್ರಿಮೂರ್ತಿ’ ಚಿತ್ರದಿಂದ ನಿರ್ಮಾಪಕಿಯಾದರು. ಅದರ ನಿರ್ದೇಶಕರು ಸಿ. ವಿ. ರಾಜೇಂದ್ರನ್, ನಾಯಕರು ರಾಜಕುಮಾರ್. ನಿರ್ಮಾಪಕರಲ್ಲಿ ಹೆಂಗಸರು ವಿರಳವಾಗಿದ್ದ ಕಾಲವದು. 2017ರಲ್ಲಿ ತೀರಿಕೊಳ್ಳುವವರೆಗಿನ ಬಾಳಿನಲ್ಲಿ ಅವರು ಹಲವಾರು ಚಿತ್ರಗಳನ್ನು ನಿರ್ಮಿಸಿದರು, ಹಂಚಿಕೆಯ ವ್ಯವಹಾರವನ್ನೂ ನಡೆಸಿದರು. ಚಿತ್ರಮಂದಿರದ ಮುಂದೆ ಜನರು ರಾಜಕುಮಾರರ ಆಳೆತ್ತರದ ಚಿತ್ರಕ್ಕೆ ಹೂಮಾಲೆ ಹಾಕುತ್ತಿದ್ದಾಗ, ಆ ಚಿತ್ರದ ಲಾಭನಷ್ಟದ ಹೊಣೆ ಅದೇ ಮನೆಯ ಗೃಹಿಣಿಯ ಹೆಗಲ ಮೇಲಿತ್ತು.