ಬೇಸಿಗೆ ರಜೆ: ಮನೆಯ ಚಿಕ್ಕ ಮಕ್ಕಳು ಮತ್ತು ಅಡುಗೆಮನೆ

ಏಪ್ರಿಲ್ ಎರಡನೇ ವಾರದಲ್ಲಿ ಪ್ರಾಥಮಿಕ ಶಾಲೆಗಳಿಗೆ ರಜೆ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಮೇ ತಿಂಗಳ ಕೊನೆಗೆ. ಅಂದರೆ ಸುಮಾರು ಏಳು ವಾರ. ಪ್ರಥಮ ಪಿಯುಸಿ ಮುಗಿಸಿದ ನಮ್ಮಲ್ಲಿ ಅನೇಕರಿಗೆ ಆ ಏಳು ವಾರ ಎರಡು ಕೆಲಸ ಇರುತ್ತವೆ. ಒಂದು, ಮುಂದಿನ ವರ್ಷದ ಪುಸ್ತಕ ತೆರೆದು ನೋಡುವುದು. ಇನ್ನೊಂದು, ಮನೆಯ ಚಿಕ್ಕವರನ್ನು ಕಾಯುವುದು. ಎರಡನೆಯದರ ಬಗ್ಗೆ ಯಾರೂ ಪಾಠ ಮಾಡುವುದಿಲ್ಲ. ಆದ್ದರಿಂದ ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ನಮ್ಮ ಊರು ಇಂಡಿ ತಾಲ್ಲೂಕಿನ ಅಗರಖೇಡ, ಭೀಮಾ ನದಿಯ ದಂಡೆ. ಅಬ್ಬಾ ಲಾರಿ ಡ್ರೈವರ್, ವಾರದಲ್ಲಿ ನಾಲ್ಕೈದು ದಿನ ಊರಲ್ಲಿ ಇರುವುದಿಲ್ಲ. ಅಮ್ಮಿ ಬೆಳಿಗ್ಗೆ ಲಿಂಬೆ ತೋಟಕ್ಕೆ ಕಾಯಿ ಆರಿಸಲು ಹೋದರೆ ಬರುವುದು ಮಧ್ಯಾಹ್ನ ಮೀರಿದ ಮೇಲೆ. ಮನೆಯಲ್ಲಿ ಉಳಿಯುವವರು ದಾದಿ, ನಾನು, ಒಂಬತ್ತು ವರ್ಷದ ತಮ್ಮ, ಆರು ವರ್ಷದ ತಂಗಿ, ಮತ್ತು ಪಕ್ಕದ ಮನೆಯಿಂದ ಬೆಳಿಗ್ಗೆಯೇ ಬಂದು ಕೂಡುವ ಚಾಚಾನ ಮಗ. ಅವನಿಗೆ ನಾಲ್ಕು. ದಾದಿಗೆ ಮೊಣಕಾಲು ನೋವು, ಓಡುವ ಮಕ್ಕಳ ಹಿಂದೆ ಹೋಗಲು ಆಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗಿಂತ ನನಗೆ ಹೆಚ್ಚು ಭಯ ಇರುವುದು ಹೊಳೆಯದು. ಬೇಸಿಗೆಯಲ್ಲಿ ಭೀಮಾ ನೋಡಲು ಬತ್ತಿದಂತೆ ಕಾಣುತ್ತದೆ. ಅಲ್ಲಲ್ಲಿ ನೀರು ನಿಂತ ಮಡುಗಳು, ಮರಳು ತೆಗೆದ ಗುಂಡಿಗಳು. ಮೊಣಕಾಲಿನವರೆಗೆ ನೀರು ಅಂದುಕೊಂಡು ಇಟ್ಟ ಮುಂದಿನ ಹೆಜ್ಜೆಗೆ ಆಳ ಎಷ್ಟಿದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಈಜಲು ಹೋದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬಂದೇ ಬರುತ್ತದೆ. "ಹೊಳೆಗೆ ಹೋಗಬೇಡ" ಎಂದು ನೂರು ಸಲ ಹೇಳಿದರೂ ಒಂಬತ್ತು ವರ್ಷದ ಹುಡುಗನ ಕಿವಿಗೆ ಬೀಳುವುದಿಲ್ಲ. ಹೋಗದಿರಲು ಅವನಿಗೆ ಮನೆಯಲ್ಲೇ ಏನಾದರೂ ಬೇಕು. ಮೊಬೈಲ್ ಕೊಡಬಹುದು, ಆದರೆ ಅದು ಇರುವುದು ಒಂದೇ, ನನ್ನ ಲೆಕ್ಕಶಾಸ್ತ್ರದ ವೀಡಿಯೊ ಪಾಠಗಳೂ ಅದರಲ್ಲೇ ಇವೆ. ಉಳಿದದ್ದು ಅಡುಗೆಮನೆ. ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ ಹೇಗಾದರೂ ಅಲ್ಲಿ ಕೆಲಸ ಇದ್ದೇ ಇರುತ್ತದೆ.

ಮೊದಲು ನೀರಿನ ವಿಷಯ. ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ, ಮಣ್ಣಿನ ಗಡಿಗೆ ಇದೆ. ಒಂದು ದಿನ ಸ್ಟೀಲ್ ಕೊಡ ಮತ್ತು ಗಡಿಗೆ ಎರಡರಲ್ಲೂ ಒಂದೇ ನಳದ ನೀರು ತುಂಬಿಸಿ, ಎರಡು ತಾಸಿನ ನಂತರ ಮಕ್ಕಳಿಗೆ ಕೈ ಅದ್ದಿ ನೋಡಲು ಹೇಳಿದೆ. ಗಡಿಗೆಯ ಮೈ ಒದ್ದೆ, ನೀರು ತಂಪು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಮರುದಿನ ಸ್ಟೀಲ್ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿದೆವು, ಅದೂ ತಂಪಾಯಿತು. ನಮ್ಮ ಕಡೆಯ ಗಾಳಿ ಒಣ ಗಾಳಿ, ಆದ್ದರಿಂದ ಗಡಿಗೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನಂಥ ಕಡಲ ಊರಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಅಷ್ಟು ತಂಪಾಗುವುದಿಲ್ಲ.

ಇದರ ಜೊತೆ ದೊಡ್ಡವರೂ ನೆನಪಿಡಬೇಕಾದ ಒಂದು ಅಳತೆ: ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದಂತೆ ತುಂಬಿರಬಾರದು, ಮಟ್ಟಸವಾಗಿರಬೇಕು. ವಾಂತಿ ಭೇದಿಯಾದಾಗ ಓಆರ್‌ಎಸ್ ಪ್ಯಾಕೆಟ್ ಸಿಗದಿದ್ದರೆ ಇದನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಬಹುದು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಂದಾಜಿನ ಮೇಲೆ ಹಾಕಬಾರದು. ಆಶಾ ಕಾರ್ಯಕರ್ತೆಯರ ಬಳಿ ಪ್ಯಾಕೆಟ್ ಇರುತ್ತದೆ, ಒಂದು ತಂದು ಇಟ್ಟುಕೊಳ್ಳುವುದು ಒಳ್ಳೆಯದು. ಬಿಸಿಲಲ್ಲಿ ಆಡಿ ಬಂದ ಮಗುವಿನ ಮೈ ಕಾದು, ಮಾತು ತೊದಲಿ, ಮಂಪರು ಬಂದಂತಾದರೆ ಶರಬತ್ತು ಮಾಡುತ್ತ ಕೂಡಬಾರದು. ನೆರಳಿಗೆ ತಂದು, ಮೈಗೆ ನೀರು ಹಚ್ಚಿ, 108ಕ್ಕೆ ಕರೆ ಮಾಡಬೇಕು.

ಒಲೆಯ ಬಗ್ಗೆ ನಮ್ಮ ಮನೆಯ ನಿಯಮ ಸರಳ. ಗ್ಯಾಸ್ ಹಚ್ಚುವುದು, ಎಣ್ಣೆ ಕಾಯಿಸುವುದು, ಈಳಿಗೆ ಮಣೆ, ಇವು ನನ್ನ ಮತ್ತು ದಾದಿಯ ಕೆಲಸ. ಒಲೆ ಉರಿಯುವಾಗ ನಾಲ್ಕು ವರ್ಷದವನು ಹೊಸ್ತಿಲ ಆಚೆ. ಮೆಣಸಿನಕಾಯಿ ಮುಟ್ಟಿದ ಕೈ ಕಣ್ಣಿಗೆ ಹೋಗುವ ಮೊದಲು ಸಾಬೂನಿಗೆ ಹೋಗಬೇಕು. ಸುಟ್ಟರೆ ಟೂತ್‌ಪೇಸ್ಟ್ ಇಲ್ಲ, ಶಾಯಿ ಇಲ್ಲ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ. ಶೇಂಗಾ ಇಡೀ ಕಾಳು ತೀರಾ ಚಿಕ್ಕವರ ಬಾಯಿಗೆ ಹಾಕಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುಟ್ಟಿ ಬೆಲ್ಲ ಹಾಕಿ ಉಂಡಿ ಮಾಡಿದರೆ ತೊಂದರೆ ಇಲ್ಲ. ಹುರಿದು ಆರಿದ ಶೇಂಗಾದ ಸಿಪ್ಪೆ ತಿಕ್ಕಿ, ಮೊರದಲ್ಲಿ ಊದಿ ಹಾರಿಸುವ ಕೆಲಸ ಮಕ್ಕಳಿಗೆ ಬಹಳ ಇಷ್ಟ. ಮನೆ ತುಂಬ ಸಿಪ್ಪೆ ಆಗುತ್ತದೆ, ಆಗಲಿ. ಕಸ ಬಳಿಯುವುದೂ ಅವರದೇ ಕೆಲಸ ಎಂದು ಮೊದಲೇ ಹೇಳಿಬಿಡಬೇಕು.

ಶುರುವಿನಲ್ಲಿ ತಮ್ಮ ತಕರಾರು ತೆಗೆದ. "ಯೇ ಲಡ್ಕಿಯೋಂ ಕಾ ಕಾಮ್ ಹೈ" ಅಂದ. ದಾದಿ ಕೇಳಿದರು, "ನಿನ್ನ ಅಬ್ಬಾ ದಾರಿಯಲ್ಲಿ ಲಾರಿ ನಿಲ್ಲಿಸಿ ಸ್ಟೋವ್ ಹಚ್ಚಿ ಅನ್ನ ಮಾಡ್ಕೊಳ್ತಾನೆ, ಅವನು ಹುಡುಗಿಯಾ? ಮದುವೆಯಲ್ಲಿ ಬಿರಿಯಾನಿ ದೇಗ್ ಇಳಿಸುವ ಬಾವರ್ಚಿ ಹುಡುಗಿಯಾ?" ಅದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ಅಣ್ಣ ತಮ್ಮಂದಿರು ಇರುವ ಓದುಗರು ಈ ಪ್ರಶ್ನೆಯನ್ನು ಬಳಸಿಕೊಳ್ಳಬಹುದು.

ಜೋಳದ ರೊಟ್ಟಿ ಮಕ್ಕಳಿಗೆ ಕಷ್ಟ ಎಂದು ನಾವು ಅಂದುಕೊಳ್ಳುತ್ತೇವೆ. ಬೇಯಿಸುವುದು ಕಷ್ಟ, ಬಡಿಯುವುದು ಆಟ. ಗೋಧಿ ಹಿಟ್ಟಿನಲ್ಲಿ ಗ್ಲುಟನ್ ಎಂಬ ಅಂಟು ಪದಾರ್ಥ ಇದೆ, ಆದ್ದರಿಂದ ತಣ್ಣೀರಲ್ಲಿ ಕಲಸಿದರೂ ಚಪಾತಿ ಎಳೆದಂತೆ ಬರುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ನೀರು ಹಾಕುತ್ತಾರೆ, ಬಿಸಿಗೆ ಪಿಷ್ಟ ಉಬ್ಬಿ ಅಂಟಾಗುತ್ತದೆ. ನೀರು ಸರಿಯಾಗಿ ಕುದಿಯದಿದ್ದರೆ ರೊಟ್ಟಿಯ ಅಂಚು ಬಿರಿಯುತ್ತದೆ. ನಾನು ಬಿಸಿ ಹಿಟ್ಟು ಕಲಸಿ ನಾದಿ, ಆರಿದ ಮೇಲೆ ಲಿಂಬೆ ಗಾತ್ರದ ಉಂಡೆ ಕೊಟ್ಟರೆ ತಂಗಿ ಅಂಗೈ ಅಗಲದ ರೊಟ್ಟಿ ಬಡಿಯುತ್ತಾಳೆ. ಅದು ನಕಾಶೆಯಲ್ಲಿನ ಯಾವುದೋ ದೇಶದಂತೆ ಇರುತ್ತದೆ. ತನ್ನ ಕೈಯ ರೊಟ್ಟಿಯಾದರೆ ಪಲ್ಯ ಇಲ್ಲದೆಯೂ ತಿನ್ನುತ್ತಾಳೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಆಚರಿಸಿತು, ಜೋಳವೂ ಆ ಪಟ್ಟಿಯಲ್ಲಿದೆ. ನಮ್ಮ ಮನೆಯಲ್ಲಿ ಅದು ಎಲ್ಲ ವರ್ಷದ ಊಟ.

ಈ ತಂಗಿಯ ಬಗ್ಗೆ ಇನ್ನೊಂದು ವಿಷಯ ಹೇಳಬೇಕು. ಜೂನ್‌ನಿಂದ ಅವಳು ಕನ್ನಡ ಮಾಧ್ಯಮದ ಒಂದನೇ ತರಗತಿ. ಮನೆಯಲ್ಲಿ ನಾವು ಆಡುವುದು ಉರ್ದು, ಅದೂ ನಮ್ಮ ದಖನಿ. ಓಣಿಯ ಕನ್ನಡ ಅವಳಿಗೆ ಅರ್ಧ ತಿಳಿಯುತ್ತದೆ, ಬಾಯಿ ತೆರೆಯಲು ನಾಚಿಕೆ. ಉರ್ದು ಮನೆಯಿಂದ ಬಂದ ನಮ್ಮ ಕಾಲೇಜಿನ ಅನೇಕರಿಗೆ ಈ ನಾಚಿಕೆ ಗೊತ್ತಿರುತ್ತದೆ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಪದ ಬರದೆ ಸುಮ್ಮನೆ ಕುಳಿತ ದಿನಗಳು ನನಗೂ ನೆನಪಿವೆ. ಅದಕ್ಕೆ ಅಡುಗೆಮನೆಯ ಪ್ರತಿ ಡಬ್ಬಿಗೂ ಒಂದೊಂದು ಚೀಟಿ ಅಂಟಿಸಿದೆವು. ನಮಕ್ ಡಬ್ಬಿಗೆ ಉಪ್ಪು, ಗುಡ್ ಡಬ್ಬಿಗೆ ಬೆಲ್ಲ, ಫಲ್ಲಿ ಡಬ್ಬಿಗೆ ಶೇಂಗಾ, ಜವಾರಿ ಡಬ್ಬಿಗೆ ಜೋಳ. ಚೀಟಿ ಬರೆದವನು ತಮ್ಮ, ಆದ್ದರಿಂದ ಅವನ ಒತ್ತಕ್ಷರವೂ ಸುಧಾರಿಸಿತು. ಕನ್ನಡದಲ್ಲಿ ಕೇಳಿದರೆ ಮಾತ್ರ ಡಬ್ಬಿ ಕೆಳಗೆ ಇಳಿಯುತ್ತದೆ ಎಂಬುದು ಆಟ. ಮೊದಲ ವಾರ "ಆಪಾ, ಉಪ್ಪು ಡಾಲೂಂ ಕ್ಯಾ?" ಎನ್ನುತ್ತಿದ್ದಳು. ಮೂರನೇ ವಾರ ಪಕ್ಕದ ಮನೆಯ ಕಾಕಿಯ ಬಳಿ ಒಬ್ಬಳೇ ಹೋಗಿ, "ಕಾಕಿ, ಸ್ವಲ್ಪ ಜೀರಿಗಿ ಕೊಡ್ರಿ" ಎಂದು ಕೇಳಿ ತಂದಳು. ಕಾಕಿ ಜೀರಿಗೆಯ ಜೊತೆ ಒಂದು ಹೋಳಿಗೆಯನ್ನೂ ಕೊಟ್ಟು ಕಳಿಸಿದ್ದರು. ಅಂದಿನಿಂದ ಕನ್ನಡ ಮಾತಾಡಲು ಅವಳಿಗೆ ಯಾರೂ ಹೇಳಬೇಕಾಗಿಲ್ಲ.

ಮೇ ತಿಂಗಳ ದೊಡ್ಡ ಕೆಲಸ ಸಂಡಿಗೆ. ಸಾಬುದಾಣಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರಲ್ಲಿ ಕಾಳು ಪಾರದರ್ಶಕ ಆಗುವವರೆಗೆ ಕುದಿಸಿ, ಉಪ್ಪು ಜೀರಿಗೆ ಹಾಕಿ, ಆರಿದ ಮೇಲೆ ಚಮಚದಿಂದ ಹಾಳೆಯ ಮೇಲೆ ಬಿಡುವುದು. ಬಿಡುವ ಕೆಲಸ ಪೂರ್ತಿ ಮಕ್ಕಳದು. ನಾವು ಮಾಳಿಗೆಯ ಮೇಲೆ ಹಾಕುವುದಿಲ್ಲ, ಅಲ್ಲಿ ಅಡ್ಡಗೋಡೆ ಇಲ್ಲ. ಅಂಗಳದಲ್ಲಿ ಹೊರಸಿನ ಮೇಲೆ ಒಣಹಾಕುತ್ತೇವೆ. ಕೋಳಿ, ಕಾಗೆ ಓಡಿಸುವ ಉದ್ಯೋಗ ನಾಲ್ಕು ವರ್ಷದವನದು, ಪಡಸಾಲೆಯ ನೆರಳಲ್ಲಿ ಕುಳಿತೇ ಕೂಗಬೇಕು. ದಾದಿ ಕಲಿಸಿದ ಒಂದು ಮಾತು ಇಲ್ಲಿ ಮುಖ್ಯ: ಕುದಿಯುವ ಹಿಟ್ಟಿನ ರುಚಿ ನೋಡಿದಾಗ ಉಪ್ಪು ಕಡಿಮೆ ಅನ್ನಿಸಬೇಕು. ಬಿಸಿಲಿಗೆ ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಸಿಯಲ್ಲಿ ಸರಿಯಾಗಿದ್ದದ್ದು ಒಣಗಿದ ಮೇಲೆ ಬಾಯಿಗೆ ಇಡಲಾಗದಷ್ಟು ಉಪ್ಪಾಗಿರುತ್ತದೆ. ನೀರಿನಂಶ ಇಲ್ಲದಿದ್ದರೆ ಬೂಷ್ಟು ಬೆಳೆಯುವುದಿಲ್ಲ, ಆದ್ದರಿಂದ ಮುರಿದಾಗ ಟಕ್ ಎಂದು ಸದ್ದು ಬರುವವರೆಗೆ ಒಣಗಿಸಬೇಕು. ಡಬ್ಬಿ ತುಂಬಿದರೆ ಮಳೆಗಾಲದ ಸಂಜೆಗಳಿಗೂ ಆಯಿತು, ಬರುವ ರಂಜಾನ್‌ಗೂ ಆಯಿತು.

ಇನ್ನು ವಾಣಿಜ್ಯ ವಿಭಾಗದವರಿಗೆ. ನಮ್ಮ ತಾಲ್ಲೂಕಿನ ಹೆಸರು ಲಿಂಬೆಯಿಂದ. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಂಡಿಯಲ್ಲೇ ಇದೆ, 2025ರಲ್ಲಿ ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಬಂತು. ಮಳೆಗಾಲದಲ್ಲಿ ಕೇಳುವವರಿಲ್ಲದ ಕಾಯಿಗೆ ಬೇಸಿಗೆಯಲ್ಲಿ ಬೆಲೆ ಏರುತ್ತದೆ. ಬೇಡಿಕೆ ಮತ್ತು ಪೂರೈಕೆಯ ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ತಮ್ಮ ಒಂದು ದಿನ ಕಟ್ಟೆಯ ಮೇಲೆ ಶರಬತ್ತಿನ ಅಂಗಡಿ ಹಾಕುತ್ತೇನೆ ಅಂದ. ಸಂಜೆ ಬಿಸಿಲು ಇಳಿದ ಮೇಲೆ ಎಂಬ ಷರತ್ತಿನ ಮೇಲೆ ಒಪ್ಪಿದೆ. ಲೆಕ್ಕ ಬರೆಯುವುದೂ ಅವನೇ ಎಂಬುದು ಎರಡನೇ ಷರತ್ತು.

ಖರ್ಚು ಹೀಗಿತ್ತು. 4 ರೂಪಾಯಿಯಂತೆ 10 ಲಿಂಬೆ, 40 ರೂಪಾಯಿ. ಅರ್ಧ ಕಿಲೊ ಸಕ್ಕರೆ 22. ಉಪ್ಪು, ಜೀರಿಗೆ ಪುಡಿ 4. ಒಟ್ಟು 66 ರೂಪಾಯಿಗೆ 20 ಗ್ಲಾಸ್ ಶರಬತ್ತು, ಗ್ಲಾಸಿಗೆ 3 ರೂಪಾಯಿ 30 ಪೈಸೆ ಬಿತ್ತು. ಮಾರುವ ಬೆಲೆ 5 ರೂಪಾಯಿ. ಅಂಗಡಿ ಮುಚ್ಚಿದಾಗ 13 ಗ್ಲಾಸ್ ಮಾರಾಟವಾಗಿತ್ತು, ಕೈಯಲ್ಲಿ 65 ರೂಪಾಯಿ ಇತ್ತು. ತಮ್ಮನ ಮುಖ ಸಣ್ಣದಾಯಿತು. "ಆಪಾ, ಒಂದು ರೂಪಾಯಿ ನಷ್ಟ."

ಉಳಿದ 7 ಗ್ಲಾಸ್ ಎಲ್ಲಿ ಹೋದವು ಎಂದು ಕೇಳಿದೆ. 3 ಗ್ಲಾಸ್ ಓಣಿಯ ಮುದುಕರಿಗೆ ಹಾಗೇ ಕೊಟ್ಟಿದ್ದ. 4 ಗ್ಲಾಸ್ ಅಂಗಡಿಯ ಮಾಲೀಕರು ಮತ್ತು ಅವರ ಇಬ್ಬರು ನೌಕರರು ಸೇರಿ ಕುಡಿದಿದ್ದರು. ಇಲ್ಲಿ ನಮ್ಮ ಪಠ್ಯಪುಸ್ತಕ ಕೆಲಸಕ್ಕೆ ಬಂತು. ಮನೆಯವರು ಕುಡಿದದ್ದು ನಷ್ಟವಲ್ಲ, ಡ್ರಾಯಿಂಗ್ಸ್. ಮಾಲೀಕ ಸ್ವಂತಕ್ಕೆ ತೆಗೆದುಕೊಂಡ ಸರಕನ್ನು ಮಾರುವ ಬೆಲೆಗಲ್ಲ, ಕೊಂಡ ಬೆಲೆಗೆ ಬರೆಯಬೇಕು: 4 ಗ್ಲಾಸಿಗೆ 13.20. ಮುದುಕರಿಗೆ ಕೊಟ್ಟದ್ದು ದಾನ, ಅದು ಖರ್ಚು: 9.90. ಮಾರಿದ 13 ಗ್ಲಾಸಿನ ವೆಚ್ಚ 42.90. ಬಂದದ್ದು 65, ಆದ್ದರಿಂದ ಒಟ್ಟು ಲಾಭ 22.10. ಅದರಲ್ಲಿ ದಾನ 9.90 ಕಳೆದರೆ ನಿವ್ವಳ ಲಾಭ 12.20. ಅಂಗಡಿಗೆ ಲಾಭ 12.20, ಮಾಲೀಕ ಕುಡಿದದ್ದು 13.20. ಗಲ್ಲಾಪೆಟ್ಟಿಗೆಯಲ್ಲಿ ಕಡಿಮೆಯಾದ ಒಂದು ರೂಪಾಯಿ ಅದೇ.

ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಎಂಬುದನ್ನು ನಾನು ತರಗತಿಯಲ್ಲಿ ಬರೆದು ಅಂಕ ಪಡೆದಿದ್ದೆ. ಒಂದು ರೂಪಾಯಿ ಕೈಯಲ್ಲಿ ಹಿಡಿದು ನೋಡಿದ್ದು ಅಂದೇ. ತಮ್ಮನಿಗೆ ಡೆಬಿಟ್, ಕ್ರೆಡಿಟ್ ಹೇಳಲಿಲ್ಲ, ಕಡಲೆಕಾಯಿ ಸಿಪ್ಪೆ ಜೋಡಿಸಿ ತೋರಿಸಿದೆ. ಅವನಿಗೆ ಅರ್ಥವಾದದ್ದು ಎರಡು ವಿಷಯ. ಮುದುಕರಿಗೆ ಕೊಟ್ಟದ್ದನ್ನು ನಿಲ್ಲಿಸಬೇಕಿಲ್ಲ. ಚಾಚಾನ ಮಗ ಎರಡನೇ ಗ್ಲಾಸ್ ಕೇಳಿದರೆ ಪುಸ್ತಕದಲ್ಲಿ ಬರೆಯಬೇಕು.

ಮುಂದಿನ ವಾರ ಮತ್ತೆ ಅಂಗಡಿ ಇದೆ. ಬಂಡವಾಳ 66 ರೂಪಾಯಿ ದಾದಿ ಕೊಡುತ್ತಾರಂತೆ. ಬಡ್ಡಿ ಬೇಡ, ದಿನಕ್ಕೆ ಒಂದು ಗ್ಲಾಸ್ ಶರಬತ್ತು ಕೊಟ್ಟರೆ ಸಾಕು ಅಂದಿದ್ದಾರೆ. ಆ ಗ್ಲಾಸ್ ಬಡ್ಡಿಯ ಲೆಕ್ಕಕ್ಕೆ ಬರುತ್ತದೆಯೇ ಎಂದು ತಮ್ಮ ಕೇಳುತ್ತಿದ್ದಾನೆ. ನಮ್ಮ ಲೆಕ್ಕಶಾಸ್ತ್ರದ ಸರ್ ಮತ್ತು ದೀನಿಯಾತ್ ಉಸ್ತಾದರು ಕೂಡಿ ಉತ್ತರ ಹೇಳಿದರೆ ಉಪಕಾರವಾಗುತ್ತದೆ.