ಮಹಾಳಿಗೆ ಮದ್ದು: ಲೇಸರ್ ಬೆಳಕನ್ನು ಕಾಯುವ ಕೃಷಿಕರಿಗೆ

ಆಟಿ ತಿಂಗಳ ಮಳೆ ಬಿಡದೆ ಸುರಿಯತೊಡಗಿದೊಡನೆ ಕಾರ್ಕಳದ ಕಡೆಯ ಅಡಿಕೆ ತೋಟಗಳಿಂದ ವರ್ಷಂಪ್ರತಿ ಬರುವ ದೂರು ಒಂದೇ: ಬೋರ್ಡೋ ದ್ರಾವಣ ಬಿಟ್ಟರೂ ಮಹಾಳಿ, ಅಂದರೆ ಕೊಳೆರೋಗ, ನಿಲ್ಲಲಿಲ್ಲ, ಎಳೆಗಾಯಿಗಳೆಲ್ಲ ಉದುರಿಹೋದವು. ಇದರೊಡನೆ ಈಗೀಗ ಮತ್ತೊಂದು ಪ್ರಶ್ನೆಯೂ ಸೇರಿಕೊಂಡಿದೆ. ಲೇಸರ್ ಕಿರಣವನ್ನು ಬೀರಿ ದೂರದಿಂದಲೇ ರೋಗವನ್ನು ಕಾಣುವ ಉಪಕರಣವಿದೆಯಂತೆ, ಅದು ತೋರಿಸಿಕೊಟ್ಟ ಮೇಲೆ ಮದ್ದು ಬಿಟ್ಟರೆ ಸಾಲದೇ ಎಂದು.

ಸಾಲದು. ಆ ವಿದ್ಯೆಯೇನೋ ಸತ್ಯವಾದುದೇ. ಅತಿನೇರಳೆ ಲೇಸರ್ ಬೆಳಕು ಎಲೆಯ ಮೇಲೆ ಬಿದ್ದಾಗ ಪತ್ರಹರಿತ್ತು 685 ಮತ್ತು 740 ನ್ಯಾನೋಮೀಟರ್ ಸುಮಾರಿನಲ್ಲಿ ಕೆಂಪು ಪ್ರಭೆಯನ್ನು ಹೊಮ್ಮಿಸುತ್ತದೆ. ಗಿಡ ಬಳಲಿದಾಗ ಇವೆರಡರ ಪರಸ್ಪರ ಪ್ರಮಾಣ ವ್ಯತ್ಯಾಸವಾಗುತ್ತದೆ. ಮಣಿಪಾಲದ ಪರಮಾಣು ಮತ್ತು ಅಣು ಭೌತವಿಜ್ಞಾನ ವಿಭಾಗದಲ್ಲಿ ಇದೇ ಪ್ರತಿದೀಪ್ತಿಯ ತತ್ತ್ವದಿಂದ ಬಾಯಿಯ ಅರ್ಬುದವನ್ನು ಗುರುತಿಸುವ ಸಂಶೋಧನೆ ನಡೆದಿದೆ. ಆದರೆ ಎಲೆ ಬಳಲಿದುದು ಬುಡದಲ್ಲಿ ನಿಂತ ನೀರಿನಿಂದಲೋ, ಪೊಟ್ಯಾಷ್ ಕೊರತೆಯಿಂದಲೋ, ರೋಗದಿಂದಲೋ ಎಂಬುದನ್ನು ಆ ಪ್ರಭೆಯೊಂದೇ ಹೇಳಲಾರದು. ಹಗಲ ಬೆಳಕಿನಲ್ಲಿ ಕ್ಷೀಣವಾಗಿಬಿಡುವ ಅದನ್ನು ಮಳೆ ಮಂಜುಗಳ ನಡುವೆ, ಸೋಗೆಯ ಮರೆಯ ಗೊನೆಯಿಂದ ಹಿಡಿಯುವುದು ಸುಲಭಸಾಧ್ಯವೂ ಅಲ್ಲ.

ಅದು ಸಾಧ್ಯವಾದರೂ ಪ್ರಯೋಜನ ಅಲ್ಪವೇ. ಬೋರ್ಡೋ ದ್ರಾವಣವು ಹಿಡಿದ ರೋಗವನ್ನು ವಾಸಿಮಾಡತಕ್ಕ ಔಷಧವಲ್ಲ. ಕಾಯಿಯ ಮೈಮೇಲೆ ಲೇಪವಾಗಿ ನಿಂತು ಫೈಟೋಫ್ತೊರಾ ರೋಗಾಣು ಒಳಹೊಗದಂತೆ ತಡೆಯುವ ಕವಚ. ತೊಟ್ಟಿನ ಬಳಿ ನೀರೂರಿದಂತೆ ಕಡುಹಸಿರು ಕಲೆ ಮೂಡಿದ ಕಾಯಿಗೆ ಎಷ್ಟು ಮದ್ದು ಬಿಟ್ಟರೂ ಅದು ಉದುರಿಯೇ ಉದುರುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಕೊಳೆರೋಗದ ಬಗ್ಗೆ 1910ರಲ್ಲಿಯೇ ಗ್ರಂಥವನ್ನು ಪ್ರಕಟಿಸಿ, ಬೋರ್ಡೋ ಸಿಂಪಡಣೆಯನ್ನು ರೂಢಿಗೆ ತಂದರು. ಇಷ್ಟು ಕಾಲ ಕಳೆದ ಮೇಲೂ ನಾಲ್ಕು ಕಾಯಿ ಬಿದ್ದುದನ್ನು ಕಂಡೇ ದೋಟಿ ಹಿಡಿಯುವವರಿದ್ದಾರೆಂದರೆ ಅದನ್ನು ಅಲಕ್ಷ್ಯವೆನ್ನದೆ ಬೇರೇನೆನ್ನಬೇಕು?

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೊಂದು ಪಾತ್ರೆಯ 50 ಲೀಟರ್ ನೀರಿನಲ್ಲಿ ಅರಳಿಸಿ ಸೋಸಿ, ಎರಡೂ ತಣ್ಣಗಾದ ಬಳಿಕ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕದಡತಕ್ಕದ್ದು. ಸುಣ್ಣವನ್ನು ತುತ್ತಕ್ಕೆ ಸುರಿಯಕೂಡದು. ಕಬ್ಬಿಣದ ಡ್ರಮ್ಮು ಸರ್ವಥಾ ವರ್ಜ್ಯ, ಪ್ಲಾಸ್ಟಿಕ್ ಆಗಬಹುದು. ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ಸ್ವಲ್ಪಹೊತ್ತು ಅದ್ದಿ ತೆಗೆಯಿರಿ. ಅದರ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದರ್ಥ, ಕೆಂಪು ಹತ್ತದಾಗುವ ತನಕ ಸುಣ್ಣದ ನೀರನ್ನು ಸೇರಿಸಿರಿ. ಮಾಡಿದ ದಿನವೇ ಮುಗಿಸಬೇಕು. ನಿನ್ನೆಯ ದ್ರಾವಣವನ್ನು ಇಂದು ಕದಡಿ ಬಿಡುವುದು ಕೂಲಿಯ ಹಣವನ್ನು ನೀರುಪಾಲು ಮಾಡಿದಂತೆಯೇ.

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಮೇ ಕೊನೆಯಿಂದ ಜೂನ್ ಆರಂಭದೊಳಗೆ. ಎರಡನೆಯದು 40–45 ದಿನಗಳ ಮೇಲೆ, ಮಳೆ ಬಿಡುವು ಕೊಟ್ಟಾಗ. ಘಟ್ಟದ ಬುಡದ ಕಾರ್ಕಳದಂತಲ್ಲಿ ಮಳೆ ಮುಂದುವರಿದರೆ ಮೂರನೆಯದೂ ಬೇಕು. ಕಾಪು, ಉಡುಪಿಗಳ ತೋಟಗಳವರೂ ಮೊದಲೆರಡನ್ನು ತಪ್ಪಿಸಕೂಡದು. ಗೊನೆಯ ಒಳಮೈಯೆಲ್ಲ ನೆನೆಯಬೇಕು. ಬಿದ್ದ ಕಾಯಿಗಳನ್ನು ಆಯ್ದು ತೋಟದಾಚೆಗೆ ಒಯ್ದು ನಾಶಮಾಡಿರಿ. ಮುಂದಿನ ಮೇ ಮಧ್ಯಕ್ಕೆ ಮುನ್ನವೇ ಮೈಲುತುತ್ತವನ್ನೂ ಸುಣ್ಣವನ್ನೂ ತರಿಸಿ, ಮದ್ದು ಬಿಡುವವರಿಗೆ ದಿನ ಗೊತ್ತುಮಾಡಿರಿ.